ಒಂದೇ ಫಿನಾಯಿಲ್: ಅಮ್ಮನಿಗೆ ಎದೆ ಬಿಗಿತ, ತಮ್ಮನಿಗೆ ಏನೂ ಇಲ್ಲ. ಇದು ಹುಟ್ಟಿನಿಂದಲೇ ಬರುವುದಾ?

ಅಂಗಳದ ತುಳಸಿ (ಬದಿಯಡ್ಕ ಹತ್ತಿರ)

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇದು.

ನಮ್ಮ ಅಮ್ಮನಿಗೆ ಫಿನಾಯಿಲ್ ಆಗುವುದಿಲ್ಲ. ಸುಮ್ನೆ ಮೂಗು ಮುಚ್ಚಿಕೊಳ್ಳುವ ಲೆಕ್ಕದಲ್ಲಿ ಅಲ್ಲ. ಬಚ್ಚಲು ತೊಳೆದು ಹತ್ತು ನಿಮಿಷ ಆಗಬೇಕಾದರೆ ಗಂಟಲು ಕೆರೆಯುತ್ತದೆ, ಎದೆ ಬಿಗಿಯುತ್ತದೆ, ಜಗಲಿಗೆ ಬಂದು ಕಂಬ ಹಿಡಿದು ಕೂತುಬಿಡುತ್ತಾರೆ. ಊದುಬತ್ತಿ, ಸೊಳ್ಳೆ ಬತ್ತಿ, ಹೊಸ ಪೈಂಟು, ಮದುವೆ ಮನೆಯ ಸೆಂಟು, ಎಲ್ಲದಕ್ಕೂ ಇದೇ ಕಥೆ. ನನಗೆ ಅದರ ಅರ್ಧ ಪಾಲು ಬಂದಿದೆ, ತಲೆನೋವು ಮಾತ್ರ. ತಮ್ಮನಿಗೆ ಏನೂ ಇಲ್ಲ. ಅಡಿಕೆಗೆ ಮದ್ದು ಬಿಡುವ ಸಮಯದಲ್ಲಿ ಬರಿಗೈಯಲ್ಲಿ ಮೈಲುತುತ್ತು ಕಲಸುತ್ತಾನೆ. ಮೊಣಕೈವರೆಗೆ ನೀಲಿ. ಕೈ ತೊಳೆದ ಶಾಸ್ತ್ರ ಮಾಡಿ ಬಂದು ಗಂಜಿ ಉಣ್ಣುತ್ತಾನೆ. "ನಿಮಗಿಬ್ಬರಿಗೂ ಮನಸ್ಸಿನ ಕಾಯಿಲೆ" ಅನ್ನುವುದು ಬೇರೆ.

ಮೊನ್ನೆ ಭಾವ ಫೋನಿನಲ್ಲಿ, "ಅದು ಜೀನ್‌ನಲ್ಲಿ ಇರುವುದು, ಈಗ ಟೆಸ್ಟ್ ಬಂದಿದೆ, ಎಂಜಲು ಕಳಿಸಿದರೆ ಸಾಕು, ಯಾವ ಕೆಮಿಕಲ್ ಆಗುವುದಿಲ್ಲ ಅಂತ ಪಟ್ಟಿ ಬರುತ್ತದೆ" ಅಂದರು. ದುಡ್ಡು ಕೇಳಿದರೆ ಸ್ವಲ್ಪ ಜಾಸ್ತಿಯೇ. ಇದರಲ್ಲಿ ಹುರುಳಿದೆಯಾ? ಗೊತ್ತಿರುವವರು ಹೇಳಿ.

ಮದ್ದುಬಿಡುವವ (ಪೆರ್ಲ)

ಅಕ್ಕ, ನಾನು ನಿಮ್ಮ ತಮ್ಮನ ಪಾರ್ಟಿ. ಇಪ್ಪತ್ತು ವರ್ಷದಿಂದ ಮದ್ದು ಬಿಡುತ್ತಿದ್ದೇನೆ, ನಮ್ಮ ಅಪ್ಪನೂ ಬಿಟ್ಟವರೇ. ಒಂದು ಕೆಮ್ಮಿಲ್ಲ. ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಚೂರಿ ಅದ್ದಿ ನೋಡುವುದು. ಅಲಗಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನೊಂದು ಹಿಡಿ ಹಾಕುವುದು. ಅಷ್ಟೇ ನಮ್ಮ ಲ್ಯಾಬು. ಕೆಲವರ ಮೈ ಗಟ್ಟಿ, ಕೆಲವರದ್ದು ನಾಜೂಕು. ಇದಕ್ಕೆ ಎಂಜಲು ಕಳಿಸಬೇಕಾ ಮಾರಾಯ್ರೆ?

ಕಿಣ್ವಪ್ರಿಯ (ಮುಳ್ಳೇರಿಯ, ಈಗ ಬೆಂಗಳೂರು)

ನಾನು ಬಯೋಕೆಮಿಸ್ಟ್ರಿಯವಳು, ಡಾಕ್ಟರ್ ಅಲ್ಲ. ಮೊದಲೇ ಹೇಳಿಬಿಟ್ಟೆ.

ಮದ್ದುಬಿಡುವವ ಅಣ್ಣ, ನೀವು ಕಲಸುವ ಆ ತುತ್ತು-ಸುಣ್ಣದ ಬೋರ್ಡೋ ದ್ರಾವಣ ತಡೆದುಕೊಂಡದ್ದನ್ನು ಮೈ ಗಟ್ಟಿಗೆ ಅಳತೆ ಮಾಡಬೇಡಿ. ಸುಣ್ಣ ಸರಿಯಾಗಿ ಸೇರಿದ ಮೇಲೆ ತುತ್ತಿನ ಚುರುಕು ಇಳಿದಿರುತ್ತದೆ. ಕಣ್ಣಿಗೆ ಹಾರಿದರೆ ಗಟ್ಟಿ ಮೈಯವರಿಗೂ ಒಂದೇ, ನಾಜೂಕಿನವರಿಗೂ ಒಂದೇ. ಬೇರುಹುಳಕ್ಕೆ, ಗೆದ್ದಲಿಗೆ ಸುರಿಯುವ ಕ್ಲೋರೋಪೈರಿಫಾಸ್ ಇದೆಯಲ್ಲ, ಅದರ ವಿಷಯ ಬೇರೆ. ಅಲ್ಲಿ ಜೀನ್ ಮಾತು ನಿಜವಾಗಿಯೂ ಬರುತ್ತದೆ.

ಅಂಗಳದಲ್ಲಿ ಅಡಿಕೆ ಸುಲಿಯುವುದನ್ನು ನೆನೆಸಿಕೊಳ್ಳಿ. ಒಬ್ಬರು ದಿನಕ್ಕೆ ರಾಶಿ ಖಾಲಿ ಮಾಡುತ್ತಾರೆ, ಇನ್ನೊಬ್ಬರದ್ದು ನಿಧಾನ. ಬುಟ್ಟಿ ಅಡಿಕೆ ಬಂದರೆ ಇಬ್ಬರೂ ಸಂಜೆಯೊಳಗೆ ಮುಗಿಸುತ್ತಾರೆ, ವ್ಯತ್ಯಾಸವೇ ಕಾಣುವುದಿಲ್ಲ. ಲೋಡು ಬಂದು ಬಿದ್ದರೆ ನಿಧಾನದವರ ಎದುರು ರಾಶಿ ಬೆಳೆಯುತ್ತದೆ. ನಮ್ಮ ಮೈಯೊಳಗೆ ಹೊರಗಿನ ರಾಸಾಯನಿಕವನ್ನು ಒಡೆದು ಹಾಕುವ ಕಿಣ್ವಗಳು ಈ ಸುಲಿಯುವವರ ಹಾಗೆ. ಯಾರ ಮೈಯಲ್ಲಿ ಎಷ್ಟು ಜನ, ಅವರ ಕೈ ಎಷ್ಟು ಚುರುಕು, ಇದನ್ನು ಬಹುಪಾಲು ಜೀನ್ ತೀರ್ಮಾನ ಮಾಡುತ್ತದೆ.

ಕ್ಲೋರೋಪೈರಿಫಾಸ್ ಮೈಗೆ ಹೋದ ಮೇಲೆ ಪಿತ್ತಜನಕಾಂಗದಲ್ಲಿ ‘ಆಕ್ಸಾನ್’ ಅನ್ನುವ ರೂಪಕ್ಕೆ ತಿರುಗುತ್ತದೆ. ನರಕ್ಕೆ ಹೊಡೆಯುವುದು ಆ ರೂಪ. ಅದನ್ನು ಒಡೆಯುವ ಒಂದು ಕಿಣ್ವ ರಕ್ತದಲ್ಲಿದೆ, ಹೆಸರು ಪ್ಯಾರಾಕ್ಸೋನೇಸ್, ಚಿಕ್ಕದಾಗಿ ಪಾನ್-1. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಅದಕ್ಕೆ ಅಂಟಿಕೊಂಡು ಓಡಾಡುತ್ತದೆ. ಕಿಣ್ವ ಅಂದರೆ ಅಮೈನೋ ಆಮ್ಲಗಳ ಸರಪಳಿ, ಅದರ 192ನೇ ಜಾಗದಲ್ಲಿ ಯಾವ ಅಮೈನೋ ಆಮ್ಲ ಇದೆ ಅನ್ನುವುದರ ಮೇಲೆ ಒಡೆಯುವ ವೇಗ ಬದಲಾಗುತ್ತದೆ. ಕಿಣ್ವದ ಪ್ರಮಾಣವೂ ಒಬ್ಬರಿಂದ ಒಬ್ಬರಿಗೆ ಹತ್ತು ಪಟ್ಟಿಗಿಂತ ಜಾಸ್ತಿ ಏರುಪೇರು. ಹುಟ್ಟಿದ ಮಗುವಿನಲ್ಲಿ ತೀರಾ ಕಡಿಮೆ, ಒಂದೆರಡು ವರ್ಷ ಕಳೆದ ಮೇಲೆಯೇ ದೊಡ್ಡವರ ಹತ್ತಿರ ಬರುವುದು. ಅಂದರೆ ಗೆದ್ದಲು ಮದ್ದು ಹೊಡೆದ ಮನೆಯಲ್ಲಿ ಅಪ್ಪನಿಗೆ ಏನೂ ಆಗಲಿಲ್ಲ ಅಂತ ತೊಟ್ಟಿಲಲ್ಲಿರುವ ಮಗುವಿಗೂ ಏನೂ ಆಗುವುದಿಲ್ಲ ಅನ್ನುವ ಹಾಗಿಲ್ಲ.

ಆದರೂ ಕತೆ ಅಷ್ಟು ಸರಳ ಅಲ್ಲ. ಈ ಕಿಣ್ವವೇ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದ್ದಾರೆ. ಕ್ಲೋರೋಪೈರಿಫಾಸ್‌ಗೆ ಅವು ಬೇಗ ಸೋತವು. ಪ್ಯಾರಾಥಿಯಾನ್ ಅನ್ನುವ ಇನ್ನೊಂದು ಹುಳದ ಮದ್ದಿನ ಆಕ್ಸಾನ್‌ಗೆ ಮಾತ್ರ ಬೇರೆ ಇಲಿಗಳಿಗಿಂತ ಜಾಸ್ತಿ ತೊಂದರೆ ಕಾಣಲಿಲ್ಲ. ಕಿಣ್ವಕ್ಕೆ ‘ಪ್ಯಾರಾಕ್ಸೋನೇಸ್’ ಅಂತ ಹೆಸರು ಬಂದದ್ದೇ ಆ ಆಕ್ಸಾನಿನಿಂದ! ಹಾಗಾಗಿ ಒಂದು ಜೀನ್ ನೋಡಿ "ನಿಮಗೆ ಕೆಮಿಕಲ್ ಆಗುವುದಿಲ್ಲ" ಅನ್ನಲು ಬರುವುದಿಲ್ಲ. ಯಾವ ಕೆಮಿಕಲ್, ಎಷ್ಟು, ಯಾವ ದಾರಿಯಲ್ಲಿ ಒಳಗೆ ಹೋಯಿತು, ಅದನ್ನು ಕೇಳಬೇಕು.

ಕುಂಬಳೆ ಟೀಚರ್

ಅಡಿಕೆ ಸುಲಿಯುವ ಹೋಲಿಕೆ ನನಗೆ ಇಪ್ಪತ್ತು ವರ್ಷ ಮೊದಲೇ ಹೊಳೆಯಬೇಕಿತ್ತು, ಪಾಠ ಮಾಡುವುದು ಸುಲಭ ಆಗುತ್ತಿತ್ತು.

ನಾನು ಬಯಾಲಜಿ ಕಲಿಸುತ್ತಿದ್ದಾಗ ಪ್ರತಿ ವರ್ಷ ಒಂದು ಆಟ ಇತ್ತು. ಪಿಟಿಸಿ ಅನ್ನುವ ಪದಾರ್ಥ ಅದ್ದಿ ಒಣಗಿಸಿದ ಕಾಗದದ ಚೂರು. ಮಕ್ಕಳ ನಾಲಿಗೆಗೆ ಒಂದೊಂದು. ಮುಂದಿನ ಬೆಂಚಿನವಳು ಮುಖ ಕಿವುಚಿ ಬಾಗಿಲಿಗೆ ಓಡುತ್ತಾಳೆ, ಅವಳ ಪಕ್ಕದವಳು ಜಗಿಯುತ್ತಾ "ಟೀಚರ್, ಇದು ಬರೀ ಪೇಪರ್" ಅನ್ನುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳಿ ಅನ್ನುತ್ತಾರೆ. ಇದು 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಅನ್ನುವ ರಸಾಯನ ವಿಜ್ಞಾನಿಗೆ ಗೊತ್ತಾದದ್ದು. ಪುಡಿ ಗಾಳಿಗೆ ಹಾರಿದಾಗ ಜೊತೆಯವರು ಕಹಿ ಅಂದರಂತೆ, ಇವರಿಗೆ ಏನೂ ರುಚಿ ಇಲ್ಲ. ಕಾರಣವಾದ ಜೀನ್ ಪತ್ತೆಯಾದದ್ದು 2003ರಲ್ಲಿ.

ನಿಮ್ಮ ತಮ್ಮನಿಗೆ ಈ ಕಾಗದದ ಕಥೆ ಹೇಳಿ. ನಮ್ಮ ನಾಲಿಗೆಗೆ ಗೊತ್ತಾಗದ್ದು ಪಕ್ಕದವರ ನಾಲಿಗೆಗೆ ಗೊತ್ತಾಗುತ್ತದೆ. ಅದಕ್ಕೆ ಮನಸ್ಸಿನ ಕಾಯಿಲೆ ಬೇಕಾಗಿಲ್ಲ. 1902ರಷ್ಟು ಹಿಂದೆಯೇ ಇಂಗ್ಲೆಂಡಿನ ಡಾಕ್ಟರ್ ಆರ್ಚಿಬಾಲ್ಡ್ ಗ್ಯಾರಡ್ ಇದನ್ನು ಬರೆದಿದ್ದರು. ಮೂತ್ರ ಕಪ್ಪಾಗುವ ಒಂದು ಅಪರೂಪದ ಮನೆತನದ ಕಾಯಿಲೆ ನೋಡಿ, ಮುಖ ಬೇರೆ ಬೇರೆ ಇರುವ ಹಾಗೆ ಮೈಯೊಳಗಿನ ರಸಾಯನವೂ ಒಬ್ಬೊಬ್ಬರದ್ದು ಒಂದೊಂದು ರೀತಿ ಅಂದರು.

ಸುಮ್ನೆ ಓದುವವ

ನಮ್ಮ ಪುಚ್ಚೆಗೆ (ಬೆಕ್ಕಿಗೆ) ಜ್ವರ ಬಂತು ಅಂತ ಅಜ್ಜಿ ಪ್ಯಾರಾಸಿಟಮಾಲ್ ಕಾಲು ಚೂರು ಕೊಟ್ಟಿದ್ದರು. ಮರುದಿನ ಸತ್ತುಹೋಯಿತು. ಅದೂ ಇದೇ ಲೆಕ್ಕವಾ?

ಕಿಣ್ವಪ್ರಿಯ

ಪಾಪ. ಹೌದು, ಅಚ್ಚುಕಟ್ಟಾಗಿ ಇದೇ ಲೆಕ್ಕ. ಪ್ಯಾರಾಸಿಟಮಾಲನ್ನು ಕಟ್ಟಿ ಹೊರಗೆ ಹಾಕುವ ಒಂದು ಮುಖ್ಯ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಒಂದು ಬೆಕ್ಕಿನಲ್ಲಿ ಅಲ್ಲ, ಇಡೀ ಬೆಕ್ಕಿನ ಕುಲದಲ್ಲಿ, ಹುಲಿ ಸಿಂಹ ಸೇರಿ. ಮಾಂಸ ಮಾತ್ರ ತಿನ್ನುವವಕ್ಕೆ ಸೊಪ್ಪುಸದೆಯ ವಿಷ ಒಡೆಯುವ ಕೆಲಸ ಇರಲಿಲ್ಲ, ಆ ಜೀನ್ ಕೆಟ್ಟರೂ ನಷ್ಟ ಆಗಲಿಲ್ಲ ಅಂತ ಊಹೆ. ಬೆಕ್ಕಿಗೆ ಮನುಷ್ಯರ ಮಾತ್ರೆ ಕೊಡಲೇಬೇಡಿ.

ರಾತ್ರಿ ಪಾಳಿ (ನರ್ಸ್, ಊರು ಬೇಡ)

ಟೀಚರ್ ಹೇಳಿದ್ದು ಕಹಿಯ ಆಟ. ಇದೇ ವಿಷಯ ಜೀವಕ್ಕೆ ಬಂದದ್ದನ್ನು ನಾನು ಒಮ್ಮೆ ನೋಡಿದ್ದೇನೆ. ಬರೆಯಬೇಕು ಅನ್ನಿಸಿತು. ಉದ್ದ ಆದರೆ ಕ್ಷಮಿಸಿ.

ಹುಟ್ಟಿ ಐದು ದಿನದ ಗಂಡು ಮಗು. ಮನೆಗೆ ಹೋದ ಎರಡೇ ದಿನಕ್ಕೆ ವಾಪಸ್ ತಂದರು. ಅಂಗಾಲಿನವರೆಗೆ ಹಳದಿ. ಅರಶಿನ ಕಾಮಾಲೆ ಹೊಸ ಮಕ್ಕಳಲ್ಲಿ ಸಾಮಾನ್ಯ, ನಾವು ನೀಲಿ ಲೈಟಿನಡಿ ಇಟ್ಟೆವು. ಆದರೆ ಬಟ್ಟೆಯಲ್ಲಿ ಮೂತ್ರದ ಕಲೆ ಕಟ್ಟಂಚಾಯದ (ಹಾಲಿಲ್ಲದ ಚಹಾದ) ಬಣ್ಣ. ಅದು ಸಾಮಾನ್ಯ ಅಲ್ಲ. ಮಗುವನ್ನು ಎತ್ತಿಕೊಂಡಾಗ ನನಗೆ ಒಂದು ವಾಸನೆ ಬಂತು. ಹಳೇ ಪೆಟ್ಟಿಗೆ ತೆಗೆದ ಹಾಗೆ. ಕೇಳಿದೆ. ಅಜ್ಜಿ ಖುಷಿಯಿಂದ ಹೇಳಿದರು, ಮಗಳ ಬಾಣಂತನಕ್ಕೆ ಅಂತ ಮೆತ್ತಗಿನ ಹಳೇ ಪಂಚೆ ಹರಿದು ಮಡಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಜಿರಳೆ ಬಾರದ ಹಾಗೆ ಪಾಟೆ ಗುಳಿಗೆ ಹಾಕಿ. ನುಸಿಗುಳಿಗೆ ಅಂತೀರಲ್ಲ, ಅದೇ. ತೊಳೆದ ಬಟ್ಟೆಯೇ ಅಲ್ವಾ ಅಂತ ನೇರ ಮಗುವಿಗೆ ಸುತ್ತಿದ್ದಾರೆ.

ಡಾಕ್ಟರ್ ರಕ್ತಪರೀಕ್ಷೆಗೆ ಬರೆದರು. ಜಿ6ಪಿಡಿ ಅನ್ನುವ ಕಿಣ್ವ ಆ ಮಗುವಿಗೆ ಕಡಿಮೆ. ಕೆಂಪು ರಕ್ತಕಣ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವ ಕಿಣ್ವ ಅದು. ನ್ಯಾಫ್ತಲೀನ್ ಗುಳಿಗೆಯ ಆವಿ ಉಸಿರಿನಲ್ಲೂ ಚರ್ಮದಲ್ಲೂ ಒಳಗೆ ಹೋಗಿ ರಕ್ತಕಣಗಳು ರಾಶಿಗಟ್ಟಲೆ ಒಡೆದಿದ್ದವು. ರಕ್ತ ಬದಲಾಯಿಸಬೇಕಾಯಿತು. ಮಗು ಉಳಿಯಿತು.

ಆಮೇಲೆ ಆ ತಾಯಿ ನೆನಪು ಮಾಡಿಕೊಂಡು ಹೇಳಿದಳು. ಅವಳ ಅಣ್ಣನಿಗೆ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಮಲೇರಿಯಾ ಬಂದಿತ್ತಂತೆ. ಹದಿನಾಲ್ಕು ದಿನದ ಪ್ರೈಮಾಕ್ವಿನ್ ಮಾತ್ರೆ ಶುರು ಮಾಡಿ ಮೂರನೇ ದಿನಕ್ಕೆ ಮೂತ್ರ ಕಪ್ಪಾಗಿ ಮೈ ಹಳದಿ ಆಗಿತ್ತು. ‘ಮಾತ್ರೆ ಉಷ್ಣ ಆಯಿತು’ ಅಂತ ಬಿಟ್ಟಿದ್ದರು. ಸೋದರಮಾವನಿಗೆ ಪ್ರೈಮಾಕ್ವಿನ್, ಅಳಿಯನಿಗೆ ನುಸಿಗುಳಿಗೆ. ಜೀನ್ ಒಂದೇ. ಇದು ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ, ಹೊತ್ತುಕೊಂಡ ಹೆಂಗಸಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ.

ಆ ಅಜ್ಜಿ ಒಂದು ವಾರ ಯಾರ ಮುಖವನ್ನೂ ನೋಡಲಿಲ್ಲ. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರದ್ದು ತಪ್ಪಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಅದೇ ಪೆಟ್ಟಿಗೆಯ ಬಟ್ಟೆಯಲ್ಲಿ ಅವರು ಮೊದಲು ನಾಲ್ಕು ಮೊಮ್ಮಕ್ಕಳನ್ನು ಮಲಗಿಸಿದ್ದರು.

ಅಂಗಳದ ತುಳಸಿ

ಓದಿ ಎದ್ದುಹೋಗಿ ನಮ್ಮ ಕಪಾಟು ತೆಗೆದು ನೋಡಿದೆ ಅಕ್ಕ. ನಾಲ್ಕು ಗುಳಿಗೆ ಇತ್ತು, ಮಕ್ಕಳ ಸ್ವೆಟರ್ ಪಕ್ಕದಲ್ಲೇ.

ಕಿಣ್ವಪ್ರಿಯ

ರಾತ್ರಿ ಪಾಳಿ ಅಕ್ಕ ಹೇಳಿದ್ದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಹತ್ತಿರ ಇಲ್ಲ. ಈ ಕೊರತೆ ಗೊತ್ತಾದದ್ದೇ ಪ್ರೈಮಾಕ್ವಿನ್‌ನಿಂದ, 1956ರಲ್ಲಿ. ಪ್ರಪಂಚದಲ್ಲಿ ಸುಮಾರು 40 ಕೋಟಿ ಜನರಿಗೆ ಇದೆ ಅನ್ನುತ್ತಾರೆ. ಮಲೇರಿಯಾ ಇದ್ದ ಊರುಗಳಲ್ಲೇ ಜಾಸ್ತಿ, ಯಾಕೆಂದರೆ ಈ ಕೊರತೆ ಇದ್ದವರಿಗೆ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಇದಕ್ಕೆ ಎಂಜಲು ಟೆಸ್ಟ್ ಬೇಕಾಗಿಲ್ಲ. ಸಾಧಾರಣ ರಕ್ತಪರೀಕ್ಷೆ ಸಾಕು. ಒಂದು ಎಚ್ಚರಿಕೆ: ರಕ್ತಕಣ ಒಡೆದ ಕೂಡಲೇ ಮಾಡಿದರೆ ರಿಪೋರ್ಟು ಸುಳ್ಳೇ ‘ನಾರ್ಮಲ್’ ಬರಬಹುದು. ಕಿಣ್ವ ಕಡಿಮೆ ಇದ್ದ ಹಳೇ ಕಣಗಳು ಒಡೆದುಹೋಗಿ ಹೊಸವು ಮಾತ್ರ ಉಳಿದಿರುತ್ತವೆ. ಸಂಶಯ ಇದ್ದರೆ ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಬೇಕು.

ಉಪ್ಪಳದ ಮೆಹಂದಿ

ಅಸ್ಸಲಾಮು ಅಲೈಕುಂ, ನಮಸ್ಕಾರ. ನಾನು ಮದುಮಕ್ಕಳಿಗೆ ಮೆಹಂದಿ ಹಾಕುವವಳು. ಸೊಪ್ಪು ಅರೆದು ಕೋನ್ ನಾನೇ ಕಟ್ಟುತ್ತೇನೆ. ಕೆಲವರು ಹತ್ತು ನಿಮಿಷದಲ್ಲಿ ಕಪ್ಪಾಗುವ ಮೆಹಂದಿ ಕೇಳುತ್ತಾರೆ. ಹಿಂದೆ ಒಮ್ಮೆ ಹೊರಗಿನ ಕೋನ್ ತಂದು ಹಾಕಿದ್ದೆ. ಒಬ್ಬಳ ಕೈಯಲ್ಲಿ ಬಳ್ಳಿ ಬಿಡಿಸಿದ ಗೆರೆ ಗೆರೆಗೂ ಗುಳ್ಳೆ ಎದ್ದಿತು, ಚಿತ್ರ ಹಾಗೇ ಉಬ್ಬಿದ ಹಾಗೆ. ನಿಕಾಹ್‌ಗೆ ಎರಡು ದಿನ ಇತ್ತು. ಅದೇ ಕೋನಿನಲ್ಲಿ ಅವಳ ತಂಗಿಗೂ ಹಾಕಿದ್ದೆ, ಏನೂ ಆಗಲಿಲ್ಲ. ಅಕ್ಕತಂಗಿಯರಿಗೇ ಹೀಗಾದರೆ ಜೀನ್ ಅಂತ ಹೇಗೆ ಹೇಳುವುದು?

ಕಿಣ್ವಪ್ರಿಯ

ಒಳ್ಳೆಯ ಪ್ರಶ್ನೆ ಅಕ್ಕ. ಇದು ಅಡಿಕೆ ಸುಲಿಯುವ ಕತೆ ಅಲ್ಲ, ಬೇರೆಯೇ. ಕಪ್ಪು ಮೆಹಂದಿಗೆ ಕೂದಲಿಗೆ ಹಚ್ಚುವ ಡೈಯಲ್ಲಿರುವ ಪಿಪಿಡಿ ಸೇರಿಸುತ್ತಾರೆ. ಅದಕ್ಕೆ ಬರುವುದು ಅಲರ್ಜಿ, ಅಂದರೆ ಮೈಯ ಕಾವಲುಗಾರನ ಹಗೆತನ. ಮೊದಲ ಸಲ ಮುಖ ನೋಡಿಟ್ಟುಕೊಳ್ಳುತ್ತಾನೆ, ಮುಂದಿನ ಸಲ ಬಂದಾಗ ಹೊಡೆಯುತ್ತಾನೆ. ಆ ಹುಡುಗಿ ಮೊದಲು ಎಲ್ಲೋ ಡೈ ಮುಟ್ಟಿದ್ದಿರಬೇಕು. ಇಲ್ಲಿ ಜೀನ್ ಪಾಲು ಸ್ವಲ್ಪ, ಎಷ್ಟು ಸಲ ಎಷ್ಟು ಗಾಢವಾಗಿ ತಾಗಿತು ಅನ್ನುವುದರ ಪಾಲು ಜಾಸ್ತಿ. ಒಮ್ಮೆ ಹಗೆ ಹುಟ್ಟಿದರೆ ಸಾಧಾರಣವಾಗಿ ಜೀವಮಾನಕ್ಕೆ. ಅವಳಿಗೆ ಹೇಳಿ, ನರೆ ಬಂದಾಗ ಡೈ ಹಚ್ಚುವ ಮೊದಲು ಚರ್ಮದ ಡಾಕ್ಟರನ್ನು ಕೇಳಲಿ.

ಸೊಪ್ಪಿನ ಮೆಹಂದಿ ಬಹುತೇಕ ಎಲ್ಲರಿಗೂ ಆಗುತ್ತದೆ. ಆದರೆ ಜಿ6ಪಿಡಿ ಕೊರತೆ ಇರುವ ಎಳೆ ಮಕ್ಕಳ ಮೈಗೆ ಹಚ್ಚಿ ರಕ್ತಕಣ ಒಡೆದದ್ದು ಕೊಲ್ಲಿ ದೇಶಗಳ ಕಡೆ ವರದಿಯಾಗಿದೆ. ಹಸುಗೂಸಿನ ಅಂಗೈಗೆ ಚಂದಕ್ಕೆ ಅಂತ ಹಚ್ಚುವುದು ಬೇಡ.

ಮದ್ದುಬಿಡುವವ

ಹಗೆತನ ಅಂದಾಗ ನೆನಪಾಯಿತು. ಮೇಲೆ ಗಟ್ಟಿ ಮೈ ಅಂತ ಕೊಚ್ಚಿಕೊಂಡೆನಲ್ಲ, ಈಗ ಒಪ್ಪಿಕೊಳ್ಳುತ್ತೇನೆ. ನನಗೆ ಹೊಳೆಗೇರು ಮರ ಆಗುವುದಿಲ್ಲ. ಮಲಯಾಳದಲ್ಲಿ ಚೇರ್ ಅನ್ನುತ್ತಾರಲ್ಲ, ಅದು. ಸೊನೆ ತಾಗುವುದು ದೂರ, ಅದರಡಿ ಸೊಪ್ಪು ಕಡಿದು ಬಂದರೆ ಮರುದಿನ ಕಣ್ಣು ಮುಚ್ಚಿಹೋಗುವಷ್ಟು ಮುಖ ಬಾತುಕೊಳ್ಳುತ್ತದೆ. ನಮ್ಮ ಕೆಲಸದ ಆಳು ಅದೇ ಮರ ಕಡಿದು ಅಲ್ಲೇ ಕೂತು ಬೀಡಿ ಸೇದುತ್ತಾನೆ. ಅಜ್ಜಿ ನನ್ನನ್ನು ತಾರೆ ಮರಕ್ಕೆ ಸುತ್ತು ಬರಿಸುತ್ತಿದ್ದರು, ಚೇರ್ ಮಾಡಿದ್ದನ್ನು ತಾರೆ ತೆಗೆಯಲಿ ಅಂತ. ಮೂರು ದಿನಕ್ಕೆ ಇಳಿಯುತ್ತಿತ್ತು. ಸುತ್ತದಿದ್ದರೂ ಮೂರು ದಿನಕ್ಕೇ ಇಳಿಯುತ್ತದೆ ಅಂತ ಆಮೇಲೆ ಗೊತ್ತಾಯಿತು.

ಕಿಣ್ವಪ್ರಿಯ

ಹಹ್ಹ. ಗೇರು, ಮಾವು, ಹೊಳೆಗೇರು ಎಲ್ಲ ಒಂದೇ ಕುಟುಂಬ. ಗೇರುಬೀಜದ ಸಿಪ್ಪೆ ಎಣ್ಣೆ ಕೈ ಸುಡುವುದೂ, ಮಾವಿನ ಸೊನೆ ತುಟಿಯ ಕೊನೆ ಒಡೆಸುವುದೂ ಒಂದೇ ಜಾತಿಯ ಪದಾರ್ಥದಿಂದ. ಅಣ್ಣ, ತೋಟದ ಮದ್ದಿಗೆ ಗಟ್ಟಿ, ಮರದ ಸೊನೆಗೆ ನಾಜೂಕು. ಒಟ್ಟಾರೆ ಗಟ್ಟಿ ಮೈ ಅನ್ನುವುದು ಇಲ್ಲ ಅಂತ ನೀವೇ ತೋರಿಸಿಕೊಟ್ಟಿರಿ.

ಹಿಂದೂಪುರದ ಶೆಟ್ಟಿ

ನಾವು ಆಂಧ್ರದ ಗಡಿಯವರು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. ನಿಮ್ಮ ಕರಾವಳಿಯ ಶೆಟ್ಟರು ಬೇರೆ, ನಾವು ವೈಶ್ಯರು.

ನಮ್ಮ ಚಿಕ್ಕಪ್ಪನಿಗೆ ಆಪರೇಷನ್ ಆಯಿತು. ಅರ್ಧ ಗಂಟೆಯ ಸಣ್ಣ ಆಪರೇಷನ್. ಮುಗಿದ ಮೇಲೆ ಮನುಷ್ಯ ಉಸಿರೇ ತೆಗೆದುಕೊಳ್ಳಲಿಲ್ಲ. ಆರೇಳು ಗಂಟೆ ಮಷೀನಿನಲ್ಲಿ ಇಟ್ಟರು. ನಾವೆಲ್ಲ ಮುಗಿದೇಹೋಯಿತು ಅಂತ ಅಂದುಕೊಂಡೆವು. ಆಮೇಲೆ ತಾನಾಗಿ ಎದ್ದು ಕೂತರು. ಅರಿವಳಿಕೆ ಡಾಕ್ಟರು ವಯಸ್ಸಾದವರು, ನಮ್ಮ ಮನೆತನ ಕೇಳಿ "ಮೊದಲೇ ಹೇಳಬಾರದಿತ್ತೇನ್ರೀ" ಅಂದರು. ಸ್ನಾಯು ಸಡಿಲ ಮಾಡಲು ಸಕ್ಸಿನೈಲ್‌ಕೋಲಿನ್ ಅಂತ ಒಂದು ಇಂಜೆಕ್ಷನ್ ಕೊಡುತ್ತಾರೆ, ಬೇರೆಯವರಲ್ಲಿ ಐದು ಹತ್ತು ನಿಮಿಷಕ್ಕೆ ಇಳಿಯುತ್ತದೆ. ಅದನ್ನು ಒಡೆಯುವ ಕಿಣ್ವ ನಮ್ಮ ಸಮುದಾಯದ ಕೆಲವರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದು 2006ರಲ್ಲೇ ಸಂಶೋಧನೆಯಾಗಿ ಪ್ರಕಟವಾಗಿದೆ. ಆ ಕಿಣ್ವದ 307ನೇ ಜಾಗದಲ್ಲಿ ಲ್ಯೂಸಿನ್ ಅನ್ನುವ ಅಮೈನೋ ಆಮ್ಲದ ಬದಲು ಪ್ರೋಲಿನ್ ಕೂತಿರುತ್ತದಂತೆ. ಈಗ ಮನೆಯವರೆಲ್ಲ ರಕ್ತ ಕೊಟ್ಟು ನೋಡಿಸಿದ್ದೇವೆ. ನನಗೂ ಇದೆ. ಪಾಕೀಟಿನಲ್ಲಿ ಚೀಟಿ ಬರೆದು ಇಟ್ಟುಕೊಂಡಿದ್ದೇನೆ.

ಕೇಳಬೇಕಾದದ್ದು ಇದು. ನನಗೆ ಬೀಜ, ಗೊಬ್ಬರ, ಮದ್ದಿನ ಅಂಗಡಿ. ಈ ಕಿಣ್ವಕ್ಕೂ ಹುಳದ ಮದ್ದಿಗೂ ಏನಾದರೂ ಸಂಬಂಧ ಇದೆಯಾ?

ಕಿಣ್ವಪ್ರಿಯ

ಇದೆ ಶೆಟ್ಟರೇ. ಆ ಕಿಣ್ವ ರಕ್ತದಲ್ಲಿ ತೇಲುತ್ತಾ ಆರ್ಗನೋಫಾಸ್ಫೇಟ್ ಜಾತಿಯ ಮದ್ದನ್ನು (ಕ್ಲೋರೋಪೈರಿಫಾಸ್ ಇದೇ ಜಾತಿ) ಹಿಡಿದುಕೊಂಡು ತಾನು ಸಾಯುತ್ತದೆ, ನರದ ಹತ್ತಿರ ಹೋಗುವ ಪಾಲು ಅಷ್ಟು ಕಡಿಮೆ ಆಗುತ್ತದೆ. ನಿಮ್ಮಲ್ಲಿ ಆ ಮೊದಲ ಸಾಲಿನ ತಡೆ ಇಲ್ಲ. ಅಂಗಡಿಯಲ್ಲಿ ಸೋರುವ ಬಾಟಲಿ ಇಟ್ಟುಕೊಳ್ಳಬೇಡಿ, ಬಿಡಿಯಾಗಿ ಅಳೆದು ಕೊಡಬೇಡಿ.

ಇನ್ನೊಂದು ವಿಷಯ ಡಾಕ್ಟರಿಗೂ ಹೇಳಿಟ್ಟಿರಿ. ಹುಳದ ಮದ್ದು ಒಳಗೆ ಹೋಗಿದೆಯೇ ಅಂತ ನೋಡಲು ಆಸ್ಪತ್ರೆಯಲ್ಲಿ ಬಹಳ ಸಲ ಅಳೆಯುವುದು ಇದೇ ಕಿಣ್ವವನ್ನು. ನಿಮ್ಮದು ಯಾವಾಗಲೂ ಕಡಿಮೆ. ನಾಳೆ ಸುಮ್ನೆ ವಾಂತಿ ತಲೆಸುತ್ತು ಅಂತ ಹೋದರೂ ರಿಪೋರ್ಟು ನೋಡಿ ವಿಷ ಅಂದುಬಿಟ್ಟಾರು. ಪಾಕೀಟಿನ ಚೀಟಿ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಸ್ವರ್ಗದ ದಾರಿ (ಎಣ್ಮಕಜೆ)

ಎಲ್ಲರ ಬರಹ ಓದಿದೆ. ಮಾಹಿತಿ ಚೆನ್ನಾಗಿದೆ. ಆದರೆ ಜೀನ್ ಜೀನ್ ಅಂತ ಓದುತ್ತಾ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಯಾಕೆ ಅಂತ ಹೇಳುತ್ತೇನೆ.

ನಮ್ಮೂರಿನ ಗುಡ್ಡದ ಸರ್ಕಾರಿ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಗೇರಿಗೆ ಬರುವ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಅಂತ. ಗುಡ್ಡದ ಮೇಲೆ ತೋಟ, ಕೆಳಗೆ ನಮ್ಮ ಮನೆ, ತೋಡು, ಗುಡ್ಡ ಕೊರೆದು ಬರಿಸಿದ ಸುರಂಗದ ನೀರು. ನಾನು ಚಿಕ್ಕವನಿದ್ದಾಗ ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದೆ. ಕೈ ಬೀಸುತ್ತಿದ್ದೆ. ಆಮೇಲೆ ಮನೆ ಮನೆಯಲ್ಲಿ ಏನಾಯಿತು ಅಂತ ಪಡ್ರೆಯ ಒಬ್ಬ ಡಾಕ್ಟರು ಗಮನಿಸಿ ಬರೆದರು, ಪತ್ರಿಕೆಯವರು ಬರೆದರು, ಪ್ರಪಂಚಕ್ಕೆ ಗೊತ್ತಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿತು. 2017ರಲ್ಲಿ ಐದು ಲಕ್ಷ ಪರಿಹಾರ ಕೊಡಿ ಅಂತ ಆದೇಶ ಬಂತು.

ಆ ದಿನಗಳಲ್ಲಿ ನಮಗೆ ಕೇಳಿಬಂದ ಒಂದು ಮಾತು, "ಒಂದೇ ಗಾಳಿ, ಒಂದೇ ನೀರು, ಎಲ್ಲರಿಗೂ ಯಾಕೆ ಆಗಲಿಲ್ಲ? ಆದವರ ಮನೆತನದಲ್ಲೇ ದೋಷ ಇರಬೇಕು. ಹತ್ತಿರದ ಸಂಬಂಧದಲ್ಲಿ ಮದುವೆ ಆಗುತ್ತೀರಿ." ವಿಷ ಸುರಿದವನು ಕೈ ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ನೀರು ಬೇಕಾ? ನನ್ನ ತಂಗಿಗೆ ಮೂರು ಸಂಬಂಧ ತಪ್ಪಿತು. ಅವಳಿಗೆ ಏನೂ ಇಲ್ಲ, ನೆಟ್ಟಗೆ ಇದ್ದಾಳೆ. ಬಂದವರು ಜಾತಕ ನೋಡಿ ಕಾಪಿ ಕುಡಿದು, ಊರ ಹೆಸರು ಕೇಳಿ, "ಜೀನ್‌ನಲ್ಲಿ ಏನಾದರೂ..." ಅಂತ ಅರ್ಧಕ್ಕೆ ನಿಲ್ಲಿಸಿ ಎದ್ದು ಹೋದರು.

ಈಗ ನೀವು ಪಾನ್-1 ಅನ್ನುತ್ತೀರಿ. ನಾಳೆ ಯಾರೋ ಅದೇ ಹಿಡಿದುಕೊಂಡು ಬರುತ್ತಾರೆ.

ಕಿಣ್ವಪ್ರಿಯ

ಅಣ್ಣ, ನಿಮ್ಮ ಸಿಟ್ಟು ನ್ಯಾಯವಾದದ್ದು. ಇದನ್ನು ನಾನು ಮೊದಲ ಸಲವೇ ಬರೆಯಬೇಕಿತ್ತು.

ಪಾನ್-1ಗೂ ಎಂಡೋಸಲ್ಫಾನ್‌ಗೂ ಸಂಬಂಧ ಇಲ್ಲ. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್ ಅನ್ನುವ ಬೇರೆ ಜಾತಿ. ಅದು ಹೊಡೆಯುವುದು ಮಿದುಳಿನಲ್ಲಿ ನರಗಳನ್ನು ಸುಮ್ಮನಿರಿಸುವ ಗಾಬಾ ಅನ್ನುವ ವ್ಯವಸ್ಥೆಗೆ. ಯಾರಾದರೂ ಆ ಎರಡನ್ನು ಬೆರೆಸಿ ಮಾತಾಡಿದರೆ ಅವರಿಗೆ ವಿಷಯ ಗೊತ್ತಿಲ್ಲ ಅಂತಲೇ ತಿಳಿಯಿರಿ.

ಎಲ್ಲರಿಗೂ ಒಂದೇ ರೀತಿ ಆಗಲಿಲ್ಲ ಅನ್ನುವುದು ವಿಷ ಅಲ್ಲ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ಬೀಡಿ ಸೇದಿದ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಆದರೆ ಬೀಡಿ ನಿರಪರಾಧಿ ಅಲ್ಲ. ಜನರಲ್ಲಿ ಬೇಗ ಸೋಲುವ ಮೈಯವರು ಇದ್ದೇ ಇರುತ್ತಾರೆ. ಮಕ್ಕಳು, ಬಸುರಿಯರು, ಕಿಣ್ವ ನಿಧಾನದವರು. ಮದ್ದಿನ ಮಿತಿ ಹಾಕುವಾಗ ಅವರನ್ನು ಲೆಕ್ಕಕ್ಕೆ ಹಿಡಿಯಬೇಕಾದದ್ದು ನಿಯಮ ಮಾಡುವವರ ಕೆಲಸ. ಅದಕ್ಕೇ ‘ಸುರಕ್ಷಿತ ಪ್ರಮಾಣ’ ಲೆಕ್ಕ ಹಾಕುವಾಗ ಪ್ರಾಣಿಗಳಲ್ಲಿ ತೊಂದರೆ ಕಾಣದ ಪ್ರಮಾಣವನ್ನು ಮೊದಲು ಹತ್ತರಿಂದ, ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಅಂತಲೇ ಮತ್ತೊಂದು ಹತ್ತರಿಂದ ಭಾಗಿಸುವ ರೂಢಿ ಇದೆ. ಹೆಲಿಕಾಪ್ಟರ್ ಆ ಲೆಕ್ಕ ನೋಡಿ ಸುರಿಯುವುದಿಲ್ಲ.

ತಂಗಿಯ ವಿಷಯ. ವಿಷದ ನಡುವೆ ಬದುಕಿದ್ದಕ್ಕೂ ಮನೆತನದಲ್ಲಿ ಜೀನ್ ಕಾಯಿಲೆ ಇರುವುದಕ್ಕೂ ವ್ಯತ್ಯಾಸ ಇದೆ. ಊರ ಹೆಸರು ಜೀನ್ ಅಲ್ಲ. ಎದ್ದು ಹೋದವರಿಗೆ ಇದನ್ನು ಹೇಳಿ ಪ್ರಯೋಜನ ಇಲ್ಲ ಅಂತ ನನಗೂ ಗೊತ್ತು.

ಸ್ವರ್ಗದ ದಾರಿ

ತಂಗಿಗೆ ಆಮೇಲೆ ನಮ್ಮೂರಿನಲ್ಲೇ ಮದುವೆ ಆಯಿತು. ಎರಡು ಮಕ್ಕಳು. ಗಲಾಟೆ ಮಾಡುತ್ತಾರೆ.

ಕುಂಬಳೆ ಟೀಚರ್

ಆ ಗಲಾಟೆ ಹಾಗೇ ಇರಲಿ ಮಗಾ.

ಸುಮ್ನೆ ಓದುವವ

ನಮ್ಮ ಮನೆಯಲ್ಲಿ ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಅದರ ಮೇಲೆ ಆಸಿಡ್ ಸುರಿದು ಎಲ್ಲರೂ ಕೆಮ್ಮಿದೆವು. ನಮ್ಮ ಇಡೀ ಮನೆತನಕ್ಕೇ ಜೀನ್ ದೋಷವಾ?

ರಾತ್ರಿ ಪಾಳಿ

ಅದು ಕ್ಲೋರಿನ್ ಗ್ಯಾಸ್ ಮಾರಾಯ. ಒಂದನೇ ಮಹಾಯುದ್ಧದಲ್ಲಿ ಅದನ್ನೇ ಬಿಟ್ಟದ್ದು. ಅದಕ್ಕೆ ಜೀನ್ ಬೇಡ, ಬಚ್ಚಲು ಸಾಕು. ಇನ್ನೊಮ್ಮೆ ಮಾಡಬೇಡ.

ಕಿಣ್ವಪ್ರಿಯ

ತುಳಸಿ ಅಕ್ಕ, ನಿಮ್ಮ ಮೂಲ ಪ್ರಶ್ನೆ ಎಲ್ಲೋ ಹೋಯಿತು.

ಫಿನಾಯಿಲ್, ಸೆಂಟು, ಪೈಂಟು ಹೀಗೆ ಒಂದಕ್ಕೊಂದು ಸಂಬಂಧ ಇಲ್ಲದ ಹತ್ತು ವಾಸನೆಗೆ ಒಬ್ಬರಿಗೇ ತೊಂದರೆ ಆಗುವುದಕ್ಕೆ ‘ಮಲ್ಟಿಪಲ್ ಕೆಮಿಕಲ್ ಸೆನ್ಸಿಟಿವಿಟಿ’ ಅಂತ ಒಂದು ಹೆಸರು ಇದೆ. ಇದಕ್ಕೆ ಜೀನ್ ಹುಡುಕಿದ್ದಾರೆ. 2004ರಲ್ಲಿ ಕೆನಡಾದಲ್ಲಿ ಕೆಲವು ಕಿಣ್ವಗಳ ಜೀನ್‌ನಲ್ಲಿ ವ್ಯತ್ಯಾಸ ಕಂಡಿತು ಅಂದರು. ಆಮೇಲೆ ಬೇರೆ ದೇಶಗಳಲ್ಲಿ ನೋಡಿದಾಗ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಯಾವುದು ಕೆಮಿಕಲ್, ಯಾವುದು ಬರೀ ಗಾಳಿ ಅಂತ ಯಾರಿಗೂ ಗೊತ್ತಾಗದ ಹಾಗೆ ಪರೀಕ್ಷೆ ಮಾಡಿದಾಗ ತೊಂದರೆ ಎರಡಕ್ಕೂ ಬಂದಿದೆ. ಹಾಗಂತ ಅವರು ನಾಟಕ ಮಾಡುತ್ತಾರೆ ಅಂತ ಅಲ್ಲ. ಎದೆ ಬಿಗಿಯುವುದು ನಿಜ, ದಾರಿ ಮಾತ್ರ ನಾವು ಅಂದುಕೊಂಡದ್ದು ಅಲ್ಲ. ಭಾವ ಹೇಳಿದ ಪಟ್ಟಿಯ ಟೆಸ್ಟಿಗೆ ನಾನಾದರೆ ದುಡ್ಡು ಹಾಕುವುದಿಲ್ಲ.

ಆದರೆ ಅಮ್ಮನ ಲಕ್ಷಣಕ್ಕೆ ಮೊದಲು ನೋಡಬೇಕಾದದ್ದು ಅದೂ ಅಲ್ಲ. ಉಬ್ಬಸ ಇರುವವರಿಗೆ ಯಾವ ಖಾರದ ವಾಸನೆಯೂ ಶ್ವಾಸನಾಳ ಬಿಗಿಸುತ್ತದೆ. ನಿಮ್ಮ ತಲೆನೋವು ಮೈಗ್ರೇನ್ ಇರಬಹುದು, ಅದರಲ್ಲೂ ವಾಸನೆ ಆಗುವುದಿಲ್ಲ. ಊದುವ ಪರೀಕ್ಷೆ ಮಾಡಿಸಿದಿರಾ?

ರಾತ್ರಿ ಪಾಳಿ

ಅದನ್ನೇ ಬರೆಯಬೇಕು ಅಂತ ಇದ್ದೆ. ಮತ್ತೆ ಸೊಳ್ಳೆ ಬತ್ತಿ ನಿಲ್ಲಿಸಿ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಧೂಳಿನ ಕಣ 75ರಿಂದ 137 ಸಿಗರೇಟಿನ ಲೆಕ್ಕ ಅಂತ 2003ರಲ್ಲಿ ಅಳೆದಿದ್ದಾರೆ. ಬಾಗಿಲು ಹಾಕಿ ಮಲಗಿದರೆ ಯಾರ ಜೀನೂ ಸಹಾಯಕ್ಕೆ ಬರುವುದಿಲ್ಲ. ಸೊಳ್ಳೆ ಪರದೆ ಕಟ್ಟಿ.

ಅಂಗಳದ ತುಳಸಿ (ಹನ್ನೆರಡು ದಿನದ ನಂತರ)

ತಡವಾಯಿತು, ಕ್ಷಮಿಸಿ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಊದುವ ಪರೀಕ್ಷೆಯಲ್ಲಿ ಉಬ್ಬಸ ಇದೆ ಅಂತ ಬಂತು. ಎಷ್ಟೋ ವರ್ಷದಿಂದ ಇದ್ದಿರಬೇಕು ಅಂದರು. ಇನ್ಹೇಲರ್ ಕೊಟ್ಟಿದ್ದಾರೆ. "ಈ ವಯಸ್ಸಿನಲ್ಲಿ ಪೀಪಿ ಊದುವುದಾ" ಅಂತ ಅಮ್ಮ ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಅಕ್ಕಪಕ್ಕದವರಿಗೆ ತೋರಿಸುತ್ತಿದ್ದರು.

ಫಿನಾಯಿಲ್ ಬಂದ್. ಸೊಳ್ಳೆ ಪರದೆ ಕಟ್ಟಿದ್ದೇವೆ. ದೇವರ ಕೋಣೆಯ ಊದುಬತ್ತಿ ಬಿಡಲು ಮಾತ್ರ ಅಮ್ಮ ತಯಾರಿಲ್ಲ. ಕಿಟಕಿ ತೆರೆದಿಡುವುದು ಅಂತ ರಾಜಿ ಆಗಿದೆ. ನುಸಿಗುಳಿಗೆ ತೆಗೆದು ಲಾವಂಚದ ಬೇರು ಇಟ್ಟಿದ್ದೇನೆ. ಜಿರಳೆಗೆ ಅದು ಇಷ್ಟವೇ ಆಗಿದೆಯೋ ಏನೋ.

ಅಮ್ಮನಿಂದ ನನಗೆ ಜೀನ್ ಬಂತಾ ಅಂತ ಡಾಕ್ಟರನ್ನು ಕೇಳಿದೆ. "ಉಬ್ಬಸ ಮನೆತನದಲ್ಲಿ ಬರುತ್ತದೆ, ಆದರೆ ಒಂದು ಜೀನಿನಿಂದ ಅಲ್ಲ, ಹತ್ತಾರು ಸೇರಿ. ಟೆಸ್ಟ್ ಮಾಡಿ ನಾನು ಬರೆಯುವ ಮದ್ದು ಬದಲಾಗುವುದಿಲ್ಲ" ಅಂದರು. ಭಾವನಿಗೆ ಹೇಳಿದೆ. ಅವರು ತಮ್ಮದನ್ನು ಆಗಲೇ ಕಳಿಸಿಬಿಟ್ಟಿದ್ದಾರಂತೆ. ರಿಪೋರ್ಟಿನಲ್ಲಿ ಕಾಪಿ ಕಡಿಮೆ ಮಾಡಿ ಅಂತ ಬಂದಿದೆ. ಅಕ್ಕ ಅದನ್ನು ಪುಕ್ಕಟೆ ಹೇಳುತ್ತಿದ್ದಳು.

ತಮ್ಮನಿಗೆ ರಾತ್ರಿ ಪಾಳಿ ಅಕ್ಕ ಬರೆದದ್ದನ್ನು ಓದಿ ಹೇಳಿದೆ. ಪೂರ್ತಿ ಕೇಳಿದ. ಏನೂ ಮಾತಾಡಲಿಲ್ಲ. ನಾಡಿದ್ದು ಮದ್ದು ಬಿಡುವುದಿದೆ, ಪೇಟೆಯಿಂದ ರಬ್ಬರ್ ಗ್ಲೌಸ್ ತಂದಿಟ್ಟಿದ್ದೇನೆ.

ಮದ್ದುಬಿಡುವವ

ಒಂದು ಸೈಜ್ ದೊಡ್ಡದು ತರಬೇಕಿತ್ತು ಅಕ್ಕ. ಬೆವರಿದರೆ ಬಿಚ್ಚಲು ಬರುವುದಿಲ್ಲ, ಎರಡನೇ ಟ್ಯಾಂಕಿಗೇ ಎಸೆಯುತ್ತಾನೆ. ನನಗೆ ಗೊತ್ತು.